ಡಾಲ್ಡಾ ಡಬ್ಬಿಯೊಳಗಿನ ಎರಡು ಕಾಗದ: ಸಿಂಧನೂರು ಕ್ಯಾಂಪಿನ ಒಂದು ಮನೆಯ ಪ್ರಕರಣ

2024ರ ಆಗಸ್ಟ್ ಎರಡನೇ ವಾರ. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಗಿತ್ತು. ಸಿಂಧನೂರಿನಲ್ಲಿ ಬೇರೆ ಮಾತೇ ಇಲ್ಲ. ಹಚ್ಚಿದ ಭತ್ತಕ್ಕೆ ಕೊನೇ ತನಕ ನೀರು ಸಿಗುತ್ತೋ ಇಲ್ವೋ ಅನ್ನೋದೇ ಎಲ್ಲರ ಬಾಯಲ್ಲೂ. ಆ ಗದ್ದಲದ ನಡುವೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನನ್ನದು ಆನ್‌ಲೈನ್ ಅರ್ಜಿ ಹಾಕಿಕೊಡುವ, ಜೆರಾಕ್ಸ್ ಹೊಡೆಯುವ ಸಣ್ಣ ಅಂಗಡಿ. ಅಜ್ಜಿಯ ಕಂಕುಳಲ್ಲಿ ಬಣ್ಣ ಹೋದ ಡಾಲ್ಡಾ ಡಬ್ಬಿ.

"ತಮ್ಮಾ, ಕ್ಯಾಂಪಿನಾಗ ಐದು ಮಂದಿಗೆ ಕಾಗದ ಬಂತಂತೆ. ನಾವೂ ಹಾಕಬೇಕೇನು?"

ಅದೇ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಕ್ಯಾಂಪ್‌ಗಳ ಐವರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪ್ರಮಾಣಪತ್ರ ಸಿಕ್ಕಿತ್ತು. ಅಜ್ಜಿ ಕೇಳಿದ್ದು ಅದನ್ನೇ. ಹಾಕೋಣ ಬಿಡಿ ಅಮ್ಮಾ, ಅರ್ಧ ಗಂಟೆ ಕೆಲಸ ಅಂದುಬಿಟ್ಟೆ. ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ.

ಹೊರಗಿನವರಿಗೆ ಒಂದು ಮಾತು. ನಮ್ಮ ಕಡೆ "ಕ್ಯಾಂಪ್" ಅಂದರೆ ನಿರಾಶ್ರಿತರ ಡೇರೆ ಅಂತ ಅಲ್ಲ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಹೊಲ ಮಾಡಿದವರ ಊರುಗಳೂ ಕ್ಯಾಂಪೇ. ಹಂಚಿನ ಮನೆ, ಟ್ರ್ಯಾಕ್ಟರ್, ರೈಸ್ ಮಿಲ್ ಎಲ್ಲ ಇರುವ ಕ್ಯಾಂಪ್‌ಗಳು ಸಿಂಧನೂರು, ಗಂಗಾವತಿ ಸುತ್ತ ಬೇಕಾದಷ್ಟಿವೆ. ಅಜ್ಜಿಯದು ಆರ್‌ಎಚ್ ಕ್ಯಾಂಪ್, ಪುನರ್ವಸತಿ ಕ್ಯಾಂಪ್. ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ) ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ಕೂರಿಸಿತು. ಬರ್ಮಾದಿಂದ ಬಂದವರೂ ಪಕ್ಕದಲ್ಲೇ ಇದ್ದಾರೆ. ದಸರೆ ಹೊತ್ತಿಗೆ ಅಲ್ಲಿ ದುರ್ಗಾಪೂಜೆ ಜೋರು. ಮೀನು ಸಾರಿನ ವಾಸನೆ ರಸ್ತೆಗೇ ಬರುತ್ತದೆ. ಮಕ್ಕಳು ಮನೆಯಲ್ಲಿ ಬಂಗಾಳಿ, ಬಸ್ಸಿನಲ್ಲಿ ಅಪ್ಪಟ ರಾಯಚೂರು ಕನ್ನಡ.

ಈ ಬರಹಕ್ಕೆ ಆ ಮನೆಯವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಹಾಗಾಗಿ ಅಜ್ಜಿ, ಅಜ್ಜ, ಮಗ, ಸೊಸೆ, ಮೊಮ್ಮಗಳು ಅಂತಲೇ ಕರೆಯುತ್ತೇನೆ.

ಡಬ್ಬಿಯಲ್ಲಿ ಏನಿತ್ತು

ಅಜ್ಜಿ ಡಬ್ಬಿ ಬಿಚ್ಚಿದರು. ಮೇಲೆ ಬೇವಿನೆಲೆ, ನುಸಿ ಹಿಡಿಯಬಾರದು ಅಂತ. ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಕಾಗದ.

ಒಂದು ತೀರಿಹೋದ ಅಜ್ಜನದು. ಗಡಿಯಲ್ಲಿ ಕೊಟ್ಟ ಚೀಟಿ, ಇಸವಿ 1964. ಬಾರ್ಡರ್ ಸ್ಲಿಪ್ ಅನ್ನುತ್ತಾರೆ. ಮನೆಯವರೆಲ್ಲರ ಹೆಸರು, ವಯಸ್ಸು, ಬಿಟ್ಟು ಬಂದ ಊರು, ಮೇಲೊಂದು ಸೀಲು. ನಾಲ್ಕು ಮಡಿಕೆಯಾಗಿ ಮಡಿಸಿ ಮಡಿಸಿ, ಮಡಿಕೆ ಸೇರುವ ಜಾಗದಲ್ಲಿ ಕಡಲೆ ಕಾಳಿನಷ್ಟು ತೂತು. ಅದಕ್ಕೆ ಪಿನ್ ಹೊಡೆದು ಮುಂದೆ ಸಿಕ್ಕ ಪೌರತ್ವ ನೋಂದಣಿ ಪತ್ರ, ಆಮೇಲೆ ಜಮೀನಿನ ಪಟ್ಟಾ.

ಇನ್ನೊಂದು ಅಜ್ಜಿಯದೇ. 1971ರ ರೇಷನ್ ಚೀಟಿ. ಅಂಗೈ ಅಗಲದ ದಪ್ಪ ರಟ್ಟು. ಅವರ ತಾಯಿಯ ಹೆಸರು, ಎಷ್ಟು ತಲೆ ಅಂತ ಒಂದು ಅಂಕಿ, ಅಕ್ಕಿ ಬೇಳೆ ಕೊಟ್ಟಾಗೆಲ್ಲ ಹಾಕಿದ ಪೆನ್ಸಿಲ್ ಗೀಟು. ಅಷ್ಟೇ. ಅಜ್ಜಿಯ ಹೆಸರೂ ಅದರಲ್ಲಿಲ್ಲ. "ನಾಲ್ಕು" ಅನ್ನೋ ಅಂಕಿಯಲ್ಲಿ ಅವರೂ ಒಬ್ಬರು.

ಗಂಡ ಹೆಂಡತಿ ಇಬ್ಬರೂ ಒಂದೇ ನೆಲದಿಂದ ಓಡಿ ಬಂದವರು, ಹೆಚ್ಚುಕಮ್ಮಿ ಒಂದೇ ಭಯಕ್ಕೆ. ಆದರೆ ಅವರಿಗೆ ಸಿಕ್ಕ ನೆರವು ಒಂದೇ ಅಲ್ಲ. ಈ ಪ್ರಕರಣದ ಗಂಟು ಇರೋದು ಅಲ್ಲೇ.

ಉಳಿಯುವವರ ನೆರವು, ಹೋಗುವವರ ನೆರವು

1963ರ ಡಿಸೆಂಬರ್ ಕೊನೆಯಲ್ಲಿ ಶ್ರೀನಗರದ ಹಜರತ್‌ಬಲ್ ದರ್ಗಾದಿಂದ, ಪ್ರವಾದಿ ಮುಹಮ್ಮದರದು ಅಂತ ನಂಬುವ ಪವಿತ್ರ ಕೇಶ ಕಳುವಾಯಿತು. ಅದರ ಸಿಟ್ಟು ಸಾವಿರ ಮೈಲಿಗೂ ಆಚೆ, ಖುಲ್ನಾ ಮತ್ತು ಢಾಕಾದ ಹಿಂದೂಗಳ ಮೇಲೆ ತೀರಿತು. 1964ರ ಜನವರಿಯಲ್ಲಿ ಅಲ್ಲಿ ದೊಡ್ಡ ಗಲಭೆ. ಅಜ್ಜನ ಮನೆಯವರು ಆಗ ಹೊರಟವರು. ಹೀಗೆ 1964ರಿಂದ 1971ರ ಮಾರ್ಚ್ 25ರ ತನಕ ಬಂದವರನ್ನು ಸರ್ಕಾರ "ಹೊಸ ವಲಸಿಗರು" ಅಂತ ಕರೆಯಿತು. ಪಶ್ಚಿಮ ಬಂಗಾಳದಿಂದ ಹೊರಗೆ ಹೋಗೋಕೆ ಒಪ್ಪಿದರೆ ಪುನರ್ವಸತಿ. ಹಲವರು ಮೊದಲು ಮಧ್ಯಭಾರತದ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಕೊಳೆತರು. ಅಜ್ಜ ರಾಯಪುರ ಹತ್ತಿರದ ಮಾನಾ ಕ್ಯಾಂಪಿನಲ್ಲಿದ್ದು, ಅಲ್ಲಿಂದ ಸಿಂಧನೂರಿಗೆ ಬಂದರು. ಜಮೀನು, ಮನೆ ಜಾಗ, ಆಮೇಲೆ ಪೌರತ್ವ. ಸರ್ಕಾರದ ಲೆಕ್ಕದಲ್ಲಿ ಅವರು ಉಳಿಯುವವರು.

ಮಾರ್ಚ್ 25 ಅನ್ನೋ ತಾರೀಖು ಸುಮ್ನೆ ಇಟ್ಟಿದ್ದಲ್ಲ. ಆ ರಾತ್ರಿ ಪಾಕಿಸ್ತಾನಿ ಸೈನ್ಯ ಢಾಕಾದಲ್ಲಿ ತನ್ನ ಜನರ ಮೇಲೇ ಗುಂಡು ಹಾರಿಸಿತು. ಮುಂದಿನ ಒಂಬತ್ತು ತಿಂಗಳಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಆಗ ಹದಿನಾಲ್ಕು ವರ್ಷದ ನಮ್ಮ ಅಜ್ಜಿ ಅವರಲ್ಲೊಬ್ಬರು. ಈ ಕೋಟಿ ಜನಕ್ಕೆ ಸಿಕ್ಕಿದ್ದು ಬೇರೆ ನೆರವು. ಯುದ್ಧ ಮುಗಿದ ಮೇಲೆ ವಾಪಸ್ ಹೋಗುವವರು ಇವರು ಅಂತ ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ ಅನ್ನ, ಔಷಧಿ, ತಾಡಪಾಲು. ಊರಿನ ಹೆಸರು ಬರೆಯುವ ಕಾಗದ ಯಾಕೆ ಬೇಕು?

ಆ ನೆರವು ಚಿಕ್ಕದು ಅಂತ ಹೇಳ್ತಿಲ್ಲ. ಇಡೀ ದೇಶ ಜೇಬಿಗೆ ಕೈ ಹಾಕಿತ್ತು. ಕವರಿಗೆ ಮಾಮೂಲಿ ಸ್ಟಾಂಪಿನ ಜೊತೆ "ನಿರಾಶ್ರಿತರ ನೆರವು" ಅಂತ 5 ಪೈಸೆಯ ಇನ್ನೊಂದು ಸ್ಟಾಂಪು ಅಂಟಿಸಬೇಕಿತ್ತು. ಸಿಂಧನೂರಿಂದ ಮಗಳಿಗೆ ಕವರು ಹಾಕಿದ ಅಪ್ಪನೂ ಅಜ್ಜಿಯ ಅಕ್ಕಿಗೆ 5 ಪೈಸೆ ಕೊಟ್ಟಂತಾಯಿತು. ಕೊಟ್ಟವರಿಗೆ ಗೊತ್ತಿರಲಿಲ್ಲ, ತಿಂದವರಿಗೂ ಗೊತ್ತಿರಲಿಲ್ಲ.

ಬಂಗಾವ್ ಅನ್ನೋ ಗಡಿ ಊರಿನ ಬಗ್ಗೆ ಅಜ್ಜಿ ಜಾಸ್ತಿ ಮಾತಾಡಲ್ಲ. ಅಪ್ಪ ದಾರಿಯಲ್ಲೇ ಹೋದರು. ತಮ್ಮನಿಗೆ ಕಾಲರಾ. ಆಸ್ಪತ್ರೆಯಲ್ಲಿ ನೆಲದ ಮೇಲೆಲ್ಲ ಜನ, ಕಾಲಿಡೋಕೆ ಜಾಗ ಇಲ್ಲ. ನರಕ್ಕೆ ಹಾಕುವ ಗ್ಲೂಕೋಸ್ ಬಾಟಲಿ ಖಾಲಿಯಾಗುತ್ತಾ ಬಂದಿತ್ತು. ಅಲ್ಲಿದ್ದ ಡಾಕ್ಟರು ದಿಲೀಪ್ ಮಹಾಲನಬಿಸ್. ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಪುಡಿ ನೀರಿಗೆ ಕಲಸಿ ಡ್ರಮ್ಮಿಗೆ ತುಂಬಿಸಿದರು. ನರ್ಸುಗಳು ಸಾಲದಿದ್ದಾಗ ರೋಗಿಯ ತಾಯಿ, ಅಕ್ಕ, ಯಾರಿದ್ದರೆ ಅವರ ಕೈಗೇ ಲೋಟ ಕೊಟ್ಟರು. ಕುಡಿಸ್ತಾ ಇರಿ, ನಿಲ್ಲಿಸಬೇಡಿ. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣಕ್ಕೆ ಜಗತ್ತು ತಲೆದೂಗಿದ್ದು ಆ ಡ್ರಮ್ಮುಗಳನ್ನು ನೋಡಿದ ಮೇಲೆ. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಹೋದ ಮೇಲೆ.

ಅಜ್ಜಿ ಒಂದು ರಾತ್ರಿ ಪೂರ್ತಿ ತಮ್ಮನಿಗೆ ಆ ನೀರು ಕುಡಿಸಿದರಂತೆ. "ಚಮಚದಿಂದ ಅಲ್ಲ ತಮ್ಮಾ, ಬಟ್ಟೆ ಅದ್ದಿ ಹಿಂಡಿದೆ ಬಾಯಾಗ." ತಮ್ಮ ಉಳಿದ.

ಯುದ್ಧ ಮುಗಿದು 1972ರ ಆರಂಭದಲ್ಲಿ ಬಹುಪಾಲು ಜನ ವಾಪಸ್ ಹೋದರು. ಇವರು ಹೋಗಲಿಲ್ಲ. ಅಪ್ಪ ಇಲ್ಲ, ಮನೆ ಸುಟ್ಟಿದೆ. ಸೋದರಮಾವ ಮೊದಲೇ ಸಿಂಧನೂರು ಸೇರಿದ್ದ. ತಾಯಿ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದರು. 1974ರಲ್ಲಿ ಅಜ್ಜಿಗೆ ಅದೇ ಕ್ಯಾಂಪಿನಲ್ಲಿ ಮದುವೆಯೂ ಆಯಿತು.

ಒಂದು ಹೊರಸು, ಮೂರು ಕಾನೂನು

ಒಂದು ಭಾನುವಾರ ಅವರ ಮನೆಗೆ ಹೋದೆ. ಅಂಗಳದ ಹೊರಸಿನ ಮೇಲೆ ಎಲ್ಲರೂ ಕೂತರು. ಕೆಂಪು ಚಹಾ, ಮಂಡಕ್ಕಿ. ನಾನು ಒಬ್ಬೊಬ್ಬರ ಕಾಗದ ನೋಡುತ್ತಾ ಹೋದೆ.

ಮಗ ಹುಟ್ಟಿದ್ದು 1978, ಸಿಂಧನೂರಲ್ಲೇ. 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ತಾಯಿ ಯಾರು ಅಂತ ಕಾನೂನು ಕೇಳಲ್ಲ. ಅವನದು ಸಲೀಸು.

ಸೊಸೆ ಖುಲ್ನಾ ಕಡೆಯವಳು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಕೆಡವಿದ ನಂತರ ಅಲ್ಲಿ ಗುಡಿ, ಮನೆಗಳಿಗೆ ಬೆಂಕಿ ಬಿತ್ತಲ್ಲ, ಆಮೇಲೆ ತಾಯಿ ಜೊತೆ ಬಂದ ಏಳು ವರ್ಷದ ಹುಡುಗಿ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. 2003ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಳು.

ಮೊಮ್ಮಗಳು ಹುಟ್ಟಿದ್ದು 2006. ಇಲ್ಲೇ ಹುಟ್ಟಿ, ಇಲ್ಲೇ ಅಂಗನವಾಡಿಯಿಂದ ಪಿಯುಸಿವರೆಗೆ ಓದಿ, ಈಗ ನರ್ಸಿಂಗ್ ಸೇರಿದ್ದಾಳೆ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ 125ಕ್ಕೆ 118 ಅಂಕ. ಆದರೆ 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಕಾನೂನು ಬೇರೆ. ತಂದೆ ತಾಯಿ ಇಬ್ಬರೂ ಭಾರತೀಯರಿರಬೇಕು. ಒಬ್ಬರೇ ಇದ್ದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ತಾಯಿಯ ಕಾಗದ ಇಲ್ಲದ್ದು ಮಗಳ ತಲೆಗೆ ಬಂತು. ಇದನ್ನು ಅವಳಿಗೆ ಹೇಳುವಾಗ ನನಗೆ ಮಂಡಕ್ಕಿ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಅವಳು ನಕ್ಕು, "ಅಂಕಲ್, ನಾನು ಯಾವ ದೇಶದಾಕಿ ಹಂಗಾದ್ರೆ?" ಅಂದಳು.

ಇನ್ನು ಅಜ್ಜಿ. ಇವರ ಕಥೆಯೇ ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದು. 1955ರ ಪೌರತ್ವ ಕಾಯ್ದೆಯಲ್ಲಿ ಭಾರತೀಯನನ್ನು ಮದುವೆಯಾದ ಹೆಂಗಸು ಅರ್ಜಿ ಹಾಕಿ ನೋಂದಣಿ ಮಾಡಿಸಿಕೊಳ್ಳಬಹುದಿತ್ತು. ಅಜ್ಜನ ಕೈಯಲ್ಲಿ ಪೌರತ್ವ ಪತ್ರ ಇತ್ತು. ಬಾಗಿಲು ತೆರೆದೇ ಇತ್ತು, ಒಂದೆರಡು ವರ್ಷ ಅಲ್ಲ, ದಶಕಗಟ್ಟಲೆ. ಯಾರೂ ಹೇಳಲಿಲ್ಲ. 2003ರ ತಿದ್ದುಪಡಿ ಜಾರಿಗೆ ಬಂದಾಗ "ಅಕ್ರಮ ವಲಸಿಗ" ಅನ್ನೋ ಮಾತು ಕಾಯ್ದೆಯೊಳಗೆ ಬಂತು, ಅಂಥವರು ನೋಂದಣಿ ಮಾಡಿಸಿಕೊಳ್ಳುವಂತಿಲ್ಲ ಅಂತಾಯಿತು. ಬಾಗಿಲು ಮುಚ್ಚಿತು. ಮುಚ್ಚಿದ್ದೂ ಅವರಿಗೆ ಗೊತ್ತಾಗಲಿಲ್ಲ. ಆಗ ಅವರು ಕಳೆ ಕೀಳೋಕೆ ಹೊಲಕ್ಕೆ ಹೋಗಿದ್ದರು ಅನ್ನಿ.

1994ರ ವಿಶ್ವಸಂಸ್ಥೆ ಅಭಿವೃದ್ಧಿ ಕಾರ್ಯಕ್ರಮದ ವರದಿಯಲ್ಲಿ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮತ್ತು ಜೊತೆಗಾರರು "ಮಾನವ ಭದ್ರತೆ" ಅನ್ನೋ ಮಾತನ್ನು ಮುಂದಿಟ್ಟರು. ಗಡಿ ಕಾಯುವ ಭದ್ರತೆ ಬೇರೆ, ಮನುಷ್ಯನ ಭದ್ರತೆ ಬೇರೆ. ದುಡಿಮೆ, ಊಟ, ಆರೋಗ್ಯ, ಪರಿಸರ, ಮೈಮೇಲಿನ ಸುರಕ್ಷೆ, ಸಮುದಾಯ, ರಾಜಕೀಯ ಹಕ್ಕು, ಹೀಗೆ ಏಳು. ಈ ಮನೆಗೆ ಹಿಡಿದು ನೋಡಿದರೆ ಊಟಕ್ಕೆ ತೊಂದರೆಯಿಲ್ಲ, ಸೋನಾ ಮಸೂರಿ ಬೆಳೆಯುತ್ತಾರೆ. ಕಾಲುವೆ ಕೊನೆ ಭಾಗದ ನೀರಿನ ಜಗಳ ಎಲ್ಲರಿಗೂ ಇದ್ದದ್ದೇ. ಯಾರೂ ಬಂದು ಹೊಡೆದಿಲ್ಲ. ಸಮುದಾಯದ ಮಾತು ಮಾತ್ರ ಸ್ವಲ್ಪ ಸಿಕ್ಕು. ಇವರು ನಮಶೂದ್ರರು. ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಪಟ್ಟಿ ರಾಜ್ಯಕ್ಕೊಂದು. ಮೊಮ್ಮಗಳಿಗೆ ನರ್ಸಿಂಗ್ ಫೀ ಪೂರ್ತಿ ಕಟ್ಟಬೇಕಾಯಿತು. ಮಿಕ್ಕ ಆರನ್ನೂ ಹಿಡಿದು ನಿಲ್ಲಿಸಬೇಕಾದ ಏಳನೆಯದು, ನೀನು ಈ ದೇಶದವಳು ಅನ್ನೋ ಮಾತು, ಅದೇ ಅರ್ಧ ಮನೆಗೆ ಇಲ್ಲ.

ನಮ್ಮಜ್ಜಿ ನದಿ ದಾಟಿದ್ದು

ಇಲ್ಲಿ ನನ್ನ ಮನೆಯದೊಂದು ಮಾತು. 1948ರ ಬೇಸಿಗೆಯಲ್ಲಿ ನಿಜಾಮನ ಪರ ಇದ್ದ ರಜಾಕಾರರ ಹಾವಳಿಗೆ ಹೆದರಿ ನಮ್ಮಜ್ಜಿಯ ಮನೆಯವರು ರಾತ್ರೋರಾತ್ರಿ ತುಂಗಭದ್ರೆ ದಾಟಿ ಸಿರುಗುಪ್ಪ ಕಡೆ ಹೋದರು. ಈ ದಡ ನಿಜಾಮನ ರಾಜ್ಯ, ಆ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಲೆಕ್ಕದಲ್ಲಿ ಅದೂ ಗಡಿಯೇ. ಒಂದು ರೈತರ ಮನೆ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು. ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾದ ಮೇಲೆ ವಾಪಸ್ ಬಂದರು. ಹೋಗುವಾಗಲೂ ಬರುವಾಗಲೂ ಯಾರೂ ಕಾಗದ ಕೇಳಲಿಲ್ಲ. (ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಓಡುವ ಸರದಿ ಮುಸ್ಲಿಮರದಾಯಿತು. ಅದನ್ನು ವಿಚಾರಿಸೋಕೆ ನೆಹರು ಸುಂದರಲಾಲ್ ಸಮಿತಿ ಕಳಿಸಬೇಕಾಯಿತು. ಅದನ್ನೂ ನಮ್ಮಜ್ಜಿಯೇ ಹೇಳುತ್ತಿದ್ದಳು, ದನಿ ತಗ್ಗಿಸಿ.)

ಬಳ್ಳಾರಿಯದೇ ಇನ್ನೊಂದು. ಮೊದಲ ಮಹಾಯುದ್ಧದಲ್ಲಿ ಅಲ್ಲಿ ತುರ್ಕಿ ಕೈದಿಗಳ ಕ್ಯಾಂಪ್ ಇತ್ತು. 1917ರಲ್ಲಿ ಜಿನೀವಾದ ರೆಡ್ ಕ್ರಾಸ್ ಪ್ರತಿನಿಧಿಗಳು ಭಾರತ, ಬರ್ಮಾದ ಕ್ಯಾಂಪುಗಳನ್ನು ನೋಡುತ್ತಾ ಬಳ್ಳಾರಿಗೂ ಬಂದು ವರದಿ ಬರೆದರು. ಆ ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರ ಹೆಸರಿಗೆ ಜಿನೀವಾದಲ್ಲಿ ಕಾರ್ಡುಗಳನ್ನು ಬರೆದಿಟ್ಟಿದ್ದಾರೆ, ಲಕ್ಷಗಟ್ಟಲೆ. ಕೋವಿ ಹಿಡಿದು ಬಂದವನಿಗೆ ಹೆಸರಿನ ಕಾರ್ಡು. ತಮ್ಮನನ್ನು ಹೊತ್ತು ಬಂದವಳಿಗೆ "ನಾಲ್ಕು" ಅನ್ನೋ ಅಂಕಿ.

ಅರ್ಜಿ ಹಾಕೋದಾ, ಬೇಡ್ವಾ

ಪೌರತ್ವ ಕಾಯ್ದೆಯ 2019ರ ತಿದ್ದುಪಡಿಗೆ ನಿಯಮ ಬಂದದ್ದು 2024ರ ಮಾರ್ಚ್ 11ಕ್ಕೆ. ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅವಕಾಶ. ಧರ್ಮದ ಈ ಪಟ್ಟಿ ನನಗೆ ಒಗ್ಗಲಿಲ್ಲ, ಹೇಳಿಬಿಡುತ್ತೇನೆ. ಬಂಗಾವ್ ಡ್ರಮ್ಮಿನ ನೀರಿಗೆ ಧರ್ಮದ ಕಾಲಂ ಇರಲಿಲ್ಲ. ಆದರೆ ಎದುರಿಗೆ ಕೂತವರು ಈ ಮನೆಯವರು, ಇವರಿಗೆ ಇರುವ ದಾರಿ ಇದೊಂದೇ.

ಕೇಳುವ ಕಾಗದ ಮೂರು ಥರ. ಆ ದೇಶದವರು ಅನ್ನೋಕೆ ಒಂದು, ಇಂಥ ತಾರೀಖಿಗೆ ಮೊದಲು ಬಂದದ್ದಕ್ಕೆ ಒಂದು, ನಡತೆಗೆ ಒಬ್ಬ ಭಾರತೀಯನ ಅಫಿಡವಿಟ್. ಜೊತೆಗೆ ಊರಲ್ಲಿ ಹೆಸರು ಮಾಡಿದ ಸಮುದಾಯ ಸಂಸ್ಥೆಯ ಪತ್ರ. ಜಿಲ್ಲೆಯಲ್ಲಿ ಇದನ್ನು ನೋಡುವ ಸಮಿತಿಗೆ ಮುಖ್ಯಸ್ಥರು ಯಾರು ಗೊತ್ತಾ? ಡಿಸಿ ಅಲ್ಲ, ಎಸ್‌ಪಿ ಅಲ್ಲ, ಅಂಚೆ ಸೂಪರಿಂಟೆಂಡೆಂಟ್. 5 ಪೈಸೆ ಸ್ಟಾಂಪಿನ ಕಥೆ ಸುತ್ತಿ ಅಂಚೆ ಆಫೀಸಿಗೇ ಬಂತಲ್ಲ ಅಂತ ನಗು ಬಂತು.

ನಗು ಅಲ್ಲಿಗೆ ನಿಂತಿತು. ಮಗ ಬಾಯಿ ಬಿಟ್ಟ.

"ಅಣ್ಣಾ, ಅವ್ವನ ಕಡೆ ಆಧಾರ್ ಐತೆ, ರೇಷನ್ ಕಾರ್ಡ್ ಐತೆ, ಪ್ರತಿ ಎಲೆಕ್ಷನ್‌ಗೂ ಓಟು ಹಾಕ್ಯಾಳ. ಈಗ ನಾನು ಬಾಂಗ್ಲಾದಾಕಿ ಅಂತ ಬರೆದು ಸೈ ಮಾಡಿದ್ರೆ, ಅರ್ಜಿ ವಾಪಸ್ ಬಂತು ಅಂದ್ರೆ? ನಾವೇ ನಮ್ಮ ಕುತ್ತಿಗೆ ಕೊಟ್ಟಂಗಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿ ಅಂದರೆ ಅರ್ಧ ತಪ್ಪೊಪ್ಪಿಗೆ. ಸಿಕ್ಕರೆ ಕಾಯ್ದೆ ಪ್ರಕಾರ ಬಂದ ದಿನದಿಂದಲೇ ಪೌರರು. ಸಿಗದಿದ್ದರೆ ನಿಮ್ಮದೇ ಕೈಬರಹ ನಿಮ್ಮ ಎದುರು. ಬೆಂಗಳೂರಿನಲ್ಲಿ ಕೂತು ಯಾಕೆ ಅರ್ಜಿ ಹಾಕಲ್ಲ ಇವರು ಅಂತ ಕೇಳುವವರು ಒಮ್ಮೆ ಆ ಹೊರಸಿನ ಮೇಲೆ ಕೂರಬೇಕು.

ಮೂರು ವಾರ ಮನೆಯಲ್ಲಿ ಜಗಳ. ಕೊನೆಗೆ ಸೊಸೆಯೇ ತೀರ್ಮಾನ ಮಾಡಿದಳು. ತಾನು ಬಂದ ದಿನದಿಂದ ಪೌರಳಾದರೆ 2006ರಲ್ಲಿ ಮಗಳು ಹುಟ್ಟುವಾಗ ತಂದೆ ತಾಯಿ ಇಬ್ಬರೂ ಭಾರತೀಯರು ಅಂತಾಗುತ್ತದೆ. ಈ ಲೆಕ್ಕ ನಾನು ಹೇಳಿಕೊಟ್ಟದ್ದಲ್ಲ, ಮೊಮ್ಮಗಳು ನೋಟ್‌ಬುಕ್ಕಿನ ಹಿಂದೆ ಬರೆದು ತೋರಿಸಿದ್ದು. ಸೊಸೆಯ ಬಳಿ ತಂದೆಯ ಹೆಸರಿನ ಖುಲ್ನಾದ ಜಮೀನು ಕಂದಾಯದ ರಸೀದಿ ಇತ್ತು. ಬಂದದ್ದಕ್ಕೆ ಹಳೇ ರೇಷನ್ ಕಾರ್ಡು. ಅಫಿಡವಿಟ್‌ಗೆ ನಾನೇ ಸೈ ಹಾಕಿದೆ. ಪೋರ್ಟಲ್ ಎರಡು ಸಲ ಕೈಕೊಟ್ಟಿತು, ಫೋಟೋ ಸೈಜು ಜಾಸ್ತಿ ಅಂದಿತು, ಅದೆಲ್ಲ ಮಾಮೂಲಿ. ರಾಯಚೂರಿಗೆ ಕರೆದರು, ಮೂಲ ಕಾಗದ ನೋಡಿದರು, ಪ್ರಮಾಣವಚನ ಓದಿಸಿದರು. ಮುಂದಿನ ವರ್ಷ ಪ್ರಮಾಣಪತ್ರ ಬಂತು. ಅವಳು ಅದನ್ನು ಮೊಬೈಲಿನಲ್ಲಿ ನೋಡಿ, ಹೆಸರಿನ ಕಾಗುಣಿತ ಸರಿಯಾಗಿದೆಯಾ ಅಂತ ಮೊದಲು ಕೇಳಿದಳು.

ಅಜ್ಜಿ ಹಾಕಲಿಲ್ಲ. ಅವರ ರೇಷನ್ ಚೀಟಿಯಲ್ಲಿ ಹೆಸರೇ ಇಲ್ಲವಲ್ಲ, ಅಂಕಿ ತೋರಿಸಿ ಏನು ಸಾಬೀತು ಮಾಡೋದು? ಬೇರೆ ದಾರಿ ಹುಡುಕಬಹುದಿತ್ತು, ತಾಯಿಯ ಕಡೆಯಿಂದ, ಮಾವನ ಕಡೆಯಿಂದ. ಅವರೇ ಬೇಡ ಅಂದರು. ಅದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದರಲ್ಲಿ ನನ್ನ ಪಾಲೂ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ಅದೇ ಕ್ಯಾಂಪಿನ ಒಬ್ಬರ ಹಳೇ ಚೀಟಿ ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಕೊಟ್ಟಿದ್ದೆ. ಬಿಸಿಗೆ ಸೀಲಿನ ಶಾಯಿ ಹರಡಿ ನೇರಳೆ ಮೋಡದ ಥರ ಆಯಿತು. ಆ ಸುದ್ದಿ ಅಜ್ಜಿಗೆ ಗೊತ್ತು. ನನ್ನ ಮೆಷಿನ್ ಹತ್ತಿರ ಹೋದಾಗೆಲ್ಲ ಅವರು ಡಬ್ಬಿಯ ಮೇಲೆ ಕೈ ಇಡುತ್ತಾರೆ.

ಆದರೂ ಮೊದಲ ದಿನವೇ ಅವರ ಹೆಸರಲ್ಲಿ ಪೆನ್ಸಿಲಿನಲ್ಲಿ ಒಂದು ಕರಡು ಬರೆದಿದ್ದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಯಾವುದು ಚೆನ್ನಾಗಿ ಗೊತ್ತು ಅಂತ ಹೇಳಬೇಕು. ಬಂಗಾಳಿ ಬರೀಲಾ ಅಂತ ಕೇಳಿದೆ. "ಕನ್ನಡ ಬರಿ," ಅಂದರು. ಆ ಹಾಳೆ ನನ್ನ ಡ್ರಾದಲ್ಲೇ ಇದೆ. ಪಿಂಚಣಿಗೆ, ರೇಷನ್ ಕಾರ್ಡಿನ ಕೆವೈಸಿಗೆ ಅಂತ ಬಂದಾಗೆಲ್ಲ ಒಮ್ಮೆ ಕೇಳುತ್ತಾರೆ.

"ಅದು ಐತೇನು ತಮ್ಮಾ?"

"ಐತಮ್ಮಾ."

"ಇರ್ಲಿ. ಹರೀಬ್ಯಾಡ."